ವಾರಕ್ಕೆ ಎಂಟು ಶೋ ಹಾಡಿದರೆ ಗಂಟಲು ಉಳಿಯುತ್ತದೆಯೇ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ, ಬಂದು 16 ವರ್ಷ ಆಯಿತು. ಮಗಳಿಗೆ 18. ಏಳನೇ ವಯಸ್ಸಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಈಗ ಮ್ಯೂಸಿಕಲ್ ಥಿಯೇಟರ್ (ಹಾಡು, ಕುಣಿತ ಇರುವ ನಾಟಕ) ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಲಂಡನ್ನಿನ ಒಂದು ಡ್ರಾಮಾ ಸ್ಕೂಲಿನಲ್ಲಿ ಸೀಟೂ ಸಿಕ್ಕಿದೆ. ಅವಳ ಸಂಗೀತದ ಮೇಷ್ಟ್ರು, "ಅದೆಲ್ಲ ಕಿರುಚೋ ಹಾಡು, ಎರಡೇ ವರ್ಷಕ್ಕೆ ಕಂಠ ಒಡೆದುಹೋಗುತ್ತೆ" ಎನ್ನುತ್ತಾರೆ. ಶಾಲೆಯ ಶೋನಲ್ಲಿ ನಾಲ್ಕು ದಿನ ಸತತ ಹಾಡಿ ಅವಳ ಗಂಟಲು ಕಟ್ಟಿತ್ತು. ಹತ್ತು ದಿನಕ್ಕೆ ಮಾತು ಸರಿಹೋಯಿತು. ಆದರೆ ಆರು ವಾರ ಆದರೂ ತಾರಸ್ಥಾಯಿಯಲ್ಲಿ (ಮೇಲಿನ ಸ್ವರಗಳಲ್ಲಿ) ಗಾಳಿ ಬೆರೆತ ಹಾಗೆ ಕೇಳುತ್ತದೆ. ಮಗಳು, "ಮ್ಯೂಸಿಕಲ್ ನಟ ಮೈಕಲ್ ಬಾಲ್‌ಗೆ 60 ದಾಟಿದೆ, ಇನ್ನೂ ಹಾಡ್ತಿದ್ದಾರಲ್ಲ" ಎನ್ನುತ್ತಾಳೆ. ನಮ್ಮ ಯಜಮಾನರು, "ಗಾಯಕಿ ಜೂಲಿ ಆಂಡ್ರ್ಯೂಸ್ ಕಥೆ ಏನಾಯ್ತು ಗೊತ್ತಾ?" ಎಂದು ಕೇಳುತ್ತಾರೆ. ಗಂಟಲು ಉಳಿದರೂ ಹೊಟ್ಟೆಪಾಡು ನಡೆಯುತ್ತಾ, ನಮ್ಮ ಹುಡುಗಿಯರಿಗೆ ಅಲ್ಲಿ ಪಾತ್ರ ಕೊಡ್ತಾರಾ ಅನ್ನುವ ಚಿಂತೆ ಬೇರೆ. ಇನ್ನು ಕೆಲವೇ ವಾರಗಳಲ್ಲಿ ಸ್ಕೂಲಿಗೆ ಉತ್ತರ ಕೊಡಬೇಕು. ಏನು ಮಾಡಲಿ?
ಒಬ್ಬ ತಾಯಿ, ರೆಡಿಂಗ್

ಉತ್ತರ: ನಿಮ್ಮ ಮನೆಯಲ್ಲಿ ಇಬ್ಬರು ಎರಡು ಕಥೆ ಹಿಡಿದುಕೊಂಡು ವಾದ ಮಾಡುತ್ತಿದ್ದಾರೆ. ಎರಡೂ ನಿಜವಾದ ಕಥೆಗಳೇ. ಆದರೆ ಇಬ್ಬರೂ ಅರ್ಧರ್ಧ ಹೇಳುತ್ತಿದ್ದಾರೆ. ಪೂರ್ತಿ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ತುರ್ತಾದ ವಿಷಯ ನಿಮ್ಮ ಪತ್ರದ ನಡುವೆ ಒಂದು ಸಾಲಿನಲ್ಲಿ ಬಂದು ಹೋಗಿದೆ. ಆರು ವಾರ ಆದರೂ ತಾರಸ್ಥಾಯಿಯಲ್ಲಿ ಗಾಳಿ ಬರುತ್ತಿದೆ ಅಂದಿರಿ. ದನಿಯಲ್ಲಿ ತೊಂದರೆ ಮೂರು ವಾರ ದಾಟಿದರೆ ಸುಮ್ನೆ ಕಾಯಬಾರದು. ನಾಳೆಯೇ ಜಿಪಿಗೆ (ನಿಮ್ಮ ಮಾಮೂಲಿ ಡಾಕ್ಟರಿಗೆ) ಫೋನ್ ಮಾಡಿ, ಇಎನ್‌ಟಿಗೆ (ಕಿವಿ, ಮೂಗು, ಗಂಟಲಿನ ವಿಭಾಗಕ್ಕೆ) ಕಳಿಸಿ ಎಂದು ಕೇಳಿ. ಬಹಳ ಸಲ ಇದು ದೊಡ್ಡದೇನೂ ಆಗಿರುವುದಿಲ್ಲ. ಆದರೆ ಕಣ್ಣಿನಿಂದ ನೋಡದೆ ಹಾಗೆಂದು ಹೇಳಲು ನನಗೂ ಆಗುವುದಿಲ್ಲ, ಮೇಷ್ಟ್ರಿಗೂ ಆಗುವುದಿಲ್ಲ.

ನಾನು ಸ್ಪೀಚ್ ಥೆರಪಿಸ್ಟ್. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಈಗ ಲಂಡನ್ನಿನಲ್ಲಿ ದನಿಯ ತೊಂದರೆ ಇರುವವರನ್ನು ಮಾತ್ರ ನೋಡುತ್ತೇನೆ. ಮೈಸೂರಿನಲ್ಲಿ ನನ್ನ ಹತ್ತಿರ ಬರುತ್ತಿದ್ದವರು ಪ್ರೈಮರಿ ಸ್ಕೂಲಿನ ಟೀಚರ್‌ಗಳು, ತರಕಾರಿ ಕೂಗುವವರು, ಹರಿಕಥೆ ಮಾಡುವವರು. ಇಲ್ಲಿ ಬರುವವರಲ್ಲಿ ಅರ್ಧ ಜನ ರಂಗದ ಮೇಲೆ ಹಾಡುವವರು. ಕ್ಯಾಮೆರಾದಲ್ಲಿ ನೋಡಿದರೆ ಇಬ್ಬರ ಗಂಟಲಲ್ಲೂ ಕಾಣುವುದು ಅದೇ ಗಂಟು. ಒಂದನೇ ಕ್ಲಾಸಿನ 50 ಮಕ್ಕಳಿಗೆ ಪಾಠ ಹೇಳುವ ಟೀಚರ್ ಬೆಲ್ಟಿಂಗ್ (ಮೇಷ್ಟ್ರು ಕಿರುಚೋದು ಅಂದದ್ದು) ಮಾಡುವುದಿಲ್ಲ, ಅಲ್ವಾ? ಅಂದಮೇಲೆ ಮೇಷ್ಟ್ರ ಮಾತಿನಲ್ಲಿ ಏನೋ ಬಿಟ್ಟುಹೋಗಿದೆ.

ಗಂಟಲೊಳಗೆ ಆಗುವುದು ಇಷ್ಟು. ಎರಡು ಧ್ವನಿತಂತುಗಳು ಒಂದಕ್ಕೊಂದು ಬಡಿದು ದನಿ ಹುಟ್ಟುತ್ತದೆ. ಹೆಣ್ಣುಮಕ್ಕಳು ಮಾತಾಡುವಾಗ ಸೆಕೆಂಡಿಗೆ ಸುಮಾರು 200 ಸಲ ಬಡಿಯುತ್ತವೆ. ನಿಮ್ಮ ಮಗಳು ಐದೂವರೆ ಶ್ರುತಿಯಲ್ಲಿ ತಾರ ಷಡ್ಜ (ಮೇಲಿನ ಸ) ಹಿಡಿದರೆ 415 ಸಲ. ಈ ತಂತುಗಳ ಮೇಲ್ಪದರ ನೀರುನೀರಾದ ಲೋಳೆಯ ಹಾಗಿರುತ್ತದೆ, ಅಲೆ ಎದ್ದ ಹಾಗೆ ಅಲುಗುತ್ತದೆ. ವಿಶ್ರಾಂತಿ ಇಲ್ಲದೆ ಜೋರಾಗಿ ಬಡಿದುಕೊಂಡರೆ ಮೊದಲು ಊದಿಕೊಳ್ಳುತ್ತದೆ. ಊತ ಇಳಿಯುವ ಮುಂಚೆ ಮತ್ತೆ ಹಾಡಿದರೆ, ವೀಣೆ ನುಡಿಸುವವರ ಬೆರಳು ಗಟ್ಟಿಯಾಗುವ ಹಾಗೆ, ಬಡಿಯುವ ಜಾಗ ಗಟ್ಟಿಯಾಗುತ್ತದೆ. ಅದೇ ನಾಡ್ಯೂಲ್. ಆಗ ತಂತುಗಳು ಪೂರ್ತಿ ಮುಚ್ಚುವುದಿಲ್ಲ, ಸಂದಿಯಲ್ಲಿ ಗಾಳಿ ಸೋರುತ್ತದೆ. ಮಾತಿನಲ್ಲಿ ಗೊತ್ತಾಗದ್ದು ಮೇಲಿನ ಸ್ವರದಲ್ಲಿ, ಅದರಲ್ಲೂ ಮೆಲ್ಲಗೆ ಹಾಡುವಾಗ, ಮೊದಲು ಗೊತ್ತಾಗುತ್ತದೆ. ನಿಮ್ಮ ಮಗಳದ್ದು ಅದೇ ಇರಬಹುದು, ಬರೀ ಊತವೂ ಇರಬಹುದು. ನಾಡ್ಯೂಲ್ ಎಂದರೆ ಹೆದರಿ ಆಪರೇಷನ್‌ಗೆ ಓಡಬೇಕಾಗಿಲ್ಲ. ಹೆಚ್ಚಿನವು ಥೆರಪಿಯಿಂದಲೇ ಇಳಿಯುತ್ತವೆ.

ಹಾಗಾದರೆ ಬೆಲ್ಟಿಂಗ್? ಎದೆಯ ದನಿಯನ್ನೇ ಮೇಲಿನ ಸ್ವರದವರೆಗೆ ಎಳೆದು ಹಾಡುವುದಕ್ಕೆ ಆ ಹೆಸರು. ಕೇಳುವವರಿಗೆ ಕೂಗಿದ ಹಾಗಿರುತ್ತದೆ. ಸರಿಯಾಗಿ ಕಲಿತವರಿಗೆ ಗಂಟಲಲ್ಲಿ ಕೂಗಿದ ಹಾಗೆ ಅನ್ನಿಸುವುದಿಲ್ಲ. ಮೇಷ್ಟ್ರಿಗೆ ಬೇಜಾರಾಗದ ಹಾಗೆ ಒಂದು ವಿಷಯ ಹೇಳಬೇಕು. ನಮ್ಮ ಸಂಪ್ರದಾಯದ ಹೆಣ್ಣುಮಕ್ಕಳು ತಾರಸ್ಥಾಯಿಯ ಮಧ್ಯಮ, ಪಂಚಮದವರೆಗೆ ತುಂಬು ದನಿಯಲ್ಲೇ ಹೋಗುತ್ತಾರೆ. ಅದು ಬೆಲ್ಟಿಂಗ್‌ನ ಪಕ್ಕದ ಮನೆ. ನಿಮ್ಮ ಮಗಳಿಗೆ ಅಲ್ಲಿಗೆ ಹೋಗುವ ದಾರಿ ಅರ್ಧ ಗೊತ್ತಿದೆ. ಅವಳಿಗೆ ಗೊತ್ತಿಲ್ಲದ್ದು ಬೇರೆ ಇದೆ. ತೆಳು ದನಿಗೆ ಜಾರಿ ಮತ್ತೆ ತುಂಬು ದನಿಗೆ ಬರುವುದು, ಗಮಕ ಬಿಟ್ಟು ನೇರ ಸ್ವರ ಹಿಡಿಯುವುದು, ಕುಣಿಯುತ್ತಾ ಹಾಡುವುದು. ನಾಲ್ಕು ಶೋಗೆ ಗಂಟಲು ಕಟ್ಟಿದ್ದು ಪ್ರಾಯಶಃ ಇವು ಬಾರದೆ ಜೋರು ಮಾಡಿದ್ದಕ್ಕೆ.

ಆದರೂ ಮೇಷ್ಟ್ರ ಭಯದಲ್ಲಿ ಒಂದು ಸತ್ಯ ಇದೆ. ಅವರು ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ ಅಷ್ಟೆ. ಕಛೇರಿಯಲ್ಲಿ ಶ್ರುತಿ ಹಾಡುವವರ ಕೈಯಲ್ಲಿರುತ್ತದೆ. ನೆಗಡಿಯಾಗಿದ್ದರೆ ಅರ್ಧ ಮನೆ ಇಳಿಸಬಹುದು. ಇವತ್ತು ತಾರಸ್ಥಾಯಿಗೆ ಜಾಸ್ತಿ ಹೋಗುವುದು ಬೇಡ ಎಂದು ಬೇರೆ ಕೃತಿ ಎತ್ತಿಕೊಳ್ಳಬಹುದು. ಗಂಗೂಬಾಯಿ ಹಾನಗಲ್ ಅವರನ್ನೇ ನೋಡಿ. ಟಾನ್ಸಿಲ್ ಆಪರೇಷನ್ ಆದ ಮೇಲೆ ಅವರ ದನಿ ಗಡಸಾಯಿತು, ಕೆಳಗೆ ಇಳಿಯಿತು. ಆ ದನಿಯಲ್ಲೇ ಹಾಡಿ ದೊಡ್ಡ ಹೆಸರು ಮಾಡಿದರು. ಲಂಡನ್ನಿನ ದೊಡ್ಡ ಥಿಯೇಟರುಗಳಿರುವ ವೆಸ್ಟ್ ಎಂಡ್‌ನಲ್ಲಿ ಆ ಸ್ವಾತಂತ್ರ್ಯ ಇಲ್ಲ. ಅಲ್ಲಿ ಶ್ರುತಿ, ಹಾಡು, ಹಾಡುವ ನಿಮಿಷ ಎಲ್ಲವೂ ಬರೆದಿಟ್ಟಿದ್ದು. ಆರು ದಿನದಲ್ಲಿ ಎಂಟು ಶೋ, ಎರಡು ದಿನ ಮಧ್ಯಾಹ್ನವೂ ರಾತ್ರಿಯೂ. ಮುಟ್ಟಿನ ದಿನ ಇರಲಿ, ನೆಗಡಿ ಇರಲಿ, ರಾತ್ರಿ ನಿದ್ದೆ ಕೆಟ್ಟಿರಲಿ, ಅದೇ ಸ್ವರ ಅದೇ ಜಾಗದಲ್ಲಿ ಬರಬೇಕು. ಅಪಾಯ ಇರುವುದು ಇಲ್ಲಿ. ಅದಕ್ಕೇ ಈ ವೃತ್ತಿಯಲ್ಲಿ ದನಿ ಉಳಿಸಿಕೊಳ್ಳುವವರು ಎಂದರೆ "ಇವತ್ತು ನನ್ನ ಕೈಲಿ ಆಗಲ್ಲ" ಎಂದು ಸರಿಯಾದ ದಿನ ಹೇಳಬಲ್ಲವರು.

ಈಗ ಮೈಕಲ್ ಬಾಲ್ ಕಥೆಗೆ ಬರೋಣ. ನಿಮ್ಮ ಮಗಳು ನೋಡುತ್ತಿರುವುದು ಕೊನೆಯ ಪುಟ.

ಹುಟ್ಟಿದ್ದು 1962ರಲ್ಲಿ, ಬ್ರಾಮ್ಸ್‌ಗ್ರೋವ್ ಎಂಬ ಊರಿನಲ್ಲಿ. ಗಿಲ್ಡ್‌ಫರ್ಡ್ ಸ್ಕೂಲ್ ಆಫ್ ಆ್ಯಕ್ಟಿಂಗ್‌ನಲ್ಲಿ ಕಲಿತರು. 1985ರಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ 'ಲೆ ಮಿಸರಾಬ್ಲ್' ಮೊದಲ ಸಲ ರಂಗಕ್ಕೆ ಬಂದಾಗ ಮಾರಿಯಸ್ ಪಾತ್ರ ಅವರದ್ದು. ಆಗ 23 ವರ್ಷ. ಇಷ್ಟು ಎಲ್ಲರಿಗೂ ಗೊತ್ತು. ಆಮೇಲೆ ಆಗಿದ್ದನ್ನು ಅವರೇ ಮರೆಮಾಚದೆ ಹೇಳಿಕೊಂಡಿದ್ದಾರೆ. ಗ್ಲ್ಯಾಂಡ್ಯುಲರ್ ಫೀವರ್ (ಬಹಳ ಸುಸ್ತು ಮಾಡುವ ಒಂದು ವೈರಸ್ ಜ್ವರ) ಬಂತು. ಅದರ ಬೆನ್ನಿಗೇ ರಂಗದ ಮೇಲೆ ಪ್ಯಾನಿಕ್ ಅಟ್ಯಾಕ್. ಎದೆ ಬಡಿತ, ಬೆವರು, ಓಡಿಹೋಗಬೇಕು ಎನ್ನುವ ಭಯ. ಊರೆಲ್ಲ ಮಾತಾಡಿಕೊಳ್ಳುತ್ತಿದ್ದ ಆ ಪಾತ್ರವನ್ನು ಬಿಟ್ಟು ಹೊರಗೆ ಬಂದರು. ಹೊಸ ಹುಡುಗನೊಬ್ಬ ಹೀಗೆ ಬಿಟ್ಟುಹೋದರೆ ಕಥೆ ಮುಗಿಯಿತು ಎಂದೇ ಯಾರಾದರೂ ಅಂದುಕೊಳ್ಳುತ್ತಾರೆ. ಮುಗಿಯಲಿಲ್ಲ. ಸುಧಾರಿಸಿಕೊಂಡು 'ಫ್ಯಾಂಟಮ್ ಆಫ್ ದಿ ಆಪೆರಾ'ದಲ್ಲಿ ರಾವುಲ್ ಪಾತ್ರಕ್ಕೆ ಬಂದರು. 1989ರಲ್ಲಿ 'ಆಸ್ಪೆಕ್ಟ್ಸ್ ಆಫ್ ಲವ್'. ಅದರ ಒಂದು ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. 1992ರ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲೂ ಎರಡನೆಯವರೇ.

ಆಮೇಲಿನದ್ದು ನನಗೆ ವೃತ್ತಿಯ ಕಣ್ಣಿನಿಂದ ಜಾಸ್ತಿ ಇಷ್ಟ. ಅವರು ಪ್ರೇಮಿಯ ಪಾತ್ರಕ್ಕೇ ಅಂಟಿಕೊಂಡು ಕೂರಲಿಲ್ಲ. 2007ರಲ್ಲಿ 'ಹೇರ್‌ಸ್ಪ್ರೇ'ಯಲ್ಲಿ ಸೀರೆ ಬದಲು ಗೌನು ಉಟ್ಟ ನಮ್ಮ ಕಂಪನಿ ನಾಟಕದ ಸ್ತ್ರೀಪಾತ್ರಧಾರಿಯ ಹಾಗೆ ದಪ್ಪ ತಾಯಿಯಾಗಿ ಬಂದರು, ಲಂಡನ್ ರಂಗಭೂಮಿಯ ದೊಡ್ಡ ಪ್ರಶಸ್ತಿಯಾದ ಒಲಿವಿಯರ್ ಪಡೆದರು. 2012ರಲ್ಲಿ 'ಸ್ವೀನಿ ಟಾಡ್'ನ ಕೊಲೆಗಡುಕ ಕ್ಷೌರಿಕ, ಅದಕ್ಕೂ ಒಲಿವಿಯರ್. 1985ರಲ್ಲಿ ಮಾರಿಯಸ್ ಆಗಿದ್ದವರು 2019ರಲ್ಲಿ ಅದೇ ನಾಟಕದ ಕಛೇರಿ ರೂಪದಲ್ಲಿ ಪೊಲೀಸ್ ಜಾವೆರ್ ಆದರು. 1989ರಲ್ಲಿ ಹರೆಯದ ಅಲೆಕ್ಸ್ ಆಗಿದ್ದ ನಾಟಕದಲ್ಲಿ 2023ರಲ್ಲಿ ವಯಸ್ಸಾದ ಚಿಕ್ಕಪ್ಪನಾದರು. ವಯಸ್ಸಿಗೆ ತಕ್ಕ ದನಿ, ದನಿಗೆ ತಕ್ಕ ಪಾತ್ರ. ನಡುವೆ ರೇಡಿಯೊ, ಟಿವಿ, ಆಲ್ಬಂ. ಗಂಟಲಿಗೆ ವಾರಕ್ಕೆ ಎಂಟು ಶೋ ಇಲ್ಲದ ವರ್ಷಗಳೂ ಸಿಕ್ಕವು. ಇನ್ನೊಂದು ಮಾತು. 2023ರ ಆ ನಾಟಕ ನವೆಂಬರ್‌ವರೆಗೆ ಎಂದು ಹೊರಟಿದ್ದು ಆಗಸ್ಟ್‌ನಲ್ಲೇ ಮುಚ್ಚಿತು. ಅಷ್ಟು ಹೆಸರಿದ್ದವರ ಶೋ ಕೂಡ ಟಿಕೆಟ್ ಹೋಗದಿದ್ದರೆ ನಿಲ್ಲುತ್ತದೆ.

ಜೂಲಿ ಆಂಡ್ರ್ಯೂಸ್ ಕಥೆ ನಿಮ್ಮ ಯಜಮಾನರು ಹೇಳಿದ ಹಾಗೇ ಇದೆ. 1997ರಲ್ಲಿ, ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲಿ ದೀರ್ಘ ಕಾಲ ಹಾಡಿದ ಮೇಲೆ, ಗಂಟಲಿನ ಆಪರೇಷನ್ ಆಯಿತು. ಹಾಡುವ ದನಿ ಮತ್ತೆ ಬರಲಿಲ್ಲ. ಕೇಸೂ ಆಯಿತು, ಕೋರ್ಟಿನ ಹೊರಗೆ ಮುಗಿಯಿತು. ಆದರೆ ಅವರು ಲಂಡನ್ ಹಿಪೊಡ್ರೋಮ್‌ನಲ್ಲಿ ಮೊದಲು ಹಾಡಿದ್ದು 1947ರಲ್ಲಿ, 12ನೇ ವಯಸ್ಸಿಗೆ. ನಡುವೆ 50 ವರ್ಷ ಇದೆ. ಐವತ್ತು ವರ್ಷ ಹಾಡಿದ ಗಂಟಲನ್ನು ತೋರಿಸಿ "ನೋಡು, ಈ ಹಾಡು ಗಂಟಲು ಕೆಡಿಸುತ್ತೆ" ಎಂದರೆ ಹೇಗೆ? ಆ ಕಥೆಯಿಂದ ಕಲಿಯಬೇಕಾದದ್ದು ಚಾಕುವಿನ ವಿಷಯ. ತಂತುವಿನ ಲೋಳೆ ಪದರಕ್ಕೆ ಗಾಯದ ಕಲೆ ಕೂತರೆ ಆ ಜಾಗ ಬಿಗಿಯುತ್ತದೆ, ಅಲೆ ಏಳುವುದಿಲ್ಲ. ಇವತ್ತು ಸಲಕರಣೆ ಬಹಳ ಸೂಕ್ಷ್ಮವಾಗಿವೆ, ಆಪರೇಷನ್ ಬೇಕೇ ಬೇಕು ಎನ್ನುವ ಸಂದರ್ಭಗಳೂ ಇವೆ. ಆದರೂ ಹಾಡುವವರಿಗೆ ಅದು ಥೆರಪಿ ಮಾಡಿ ನೋಡಿದ ನಂತರದ ಮಾತು.

ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗಿಯ ನೆನಪಾಗುತ್ತದೆ. ದೊಡ್ಡ ಶೋ ಒಂದರ ಮೇಳದಲ್ಲಿ ಇದ್ದಳು. ಒಂದು ಬುಧವಾರ ಮಧ್ಯಾಹ್ನ ಹಾಡಿನ ನಡುವೆ ದನಿ ಥಟ್ಟನೆ ಕಡಿದುಹೋಯಿತು, ದೀಪ ಆರಿದ ಹಾಗೆ. ನೋವಿರಲಿಲ್ಲ. ನೋವಿಲ್ಲವಲ್ಲ ಎಂದು ರಾತ್ರಿಯ ಶೋನೂ ತಳ್ಳಿದಳು. ಅದು ತಂತುವಿನ ರಕ್ತನಾಳ ಒಡೆದದ್ದು. ಅಂಥ ದಿನ ಬಾಯಿ ಮುಚ್ಚಿಕೊಂಡು ಕೂತರೆ ಬಹಳ ಸಲ ಕೆಲವೇ ವಾರದಲ್ಲಿ ವಾಸಿಯಾಗುತ್ತದೆ. ಅದರ ಮೇಲೆ ಹಾಡಿದರೆ ಕಲೆ ಉಳಿಯುವ ಅಪಾಯ. ಯಾಕೆ ಹಾಡಿದೆ ಎಂದು ಕೇಳಿದೆ. "ಗಂಟಲು ವೀಕು ಅಂತ ಹೆಸರು ಬಂದರೆ ಮುಂದಿನ ಕೆಲಸ ಸಿಗಲ್ಲ" ಎಂದಳು. ಅವಳು ವಾಪಸ್ ಹೋದಳು, ಆದರೆ ಆರು ತಿಂಗಳು ಹಿಡಿಯಿತು.

ಆ ಭಯ ಸುಳ್ಳಲ್ಲ. ಆದರೆ ಆ ರಂಗಭೂಮಿ ತನ್ನ ಲೆಕ್ಕಾಚಾರದಲ್ಲೇ ಇದಕ್ಕೆ ಜಾಗ ಇಟ್ಟಿದೆ. ಮುಖ್ಯ ಪಾತ್ರಕ್ಕೆ ಅಂಡರ್‌ಸ್ಟಡಿ, ಅಂದರೆ ಬದಲಿ ನಟರು, ಇರುತ್ತಾರೆ. ಸ್ವಿಂಗ್ ಎಂಬ ಕಲಾವಿದರು ಇರುತ್ತಾರೆ, ಮೇಳದ ಹಲವರ ಹೆಜ್ಜೆ, ಹಾಡು, ನಿಲ್ಲುವ ಜಾಗ ಎಲ್ಲ ತಲೆಯಲ್ಲಿಟ್ಟುಕೊಂಡು ಯಾರು ಬರದಿದ್ದರೂ ನುಗ್ಗುವವರು. ನನ್ನ ಕೇಳಿದರೆ ಅವರೇ ಅಲ್ಲಿಯ ನಿಜವಾದ ಪ್ರತಿಭಾವಂತರು. 1981ರಲ್ಲಿ 'ಕ್ಯಾಟ್ಸ್' ತಾಲೀಮಿನಲ್ಲಿ ನಟಿ ಜೂಡಿ ಡೆಂಚ್ ಅವರ ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ಹರಿಯಿತು. ಇನ್ನೇನು ಶೋ ಶುರು ಎನ್ನುವಾಗ ಇಲೇನ್ ಪೇಜ್ ಬಂದು ನಿಂತರು. ಇವತ್ತು ಆ ಪಾತ್ರ ಎಂದರೆ ಜನ ಪೇಜ್ ಹೆಸರನ್ನೇ ಹೇಳುತ್ತಾರೆ. ಡೆಂಚ್ ಅವರ ವೃತ್ತಿಗೂ ಏನೂ ಆಗಲಿಲ್ಲ.

ಮನೆಮದ್ದಿನ ವಿಷಯ ಬೇಗ ಮುಗಿಸುತ್ತೇನೆ. ಕಷಾಯ, ಜೇನು, ಶುಂಠಿ ಕೊಡಿ, ಹಿತ ಅನ್ನಿಸುತ್ತದೆ. ಆದರೆ ಕುಡಿದಿದ್ದು ಧ್ವನಿತಂತುವನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಕೆಮ್ಮಿ ಸಾಯುತ್ತೇವೆ, ಅದು ಉಸಿರಿನ ದಾರಿ! ನೀರು ಹೊಟ್ಟೆಗೆ ಹೋಗಿ, ರಕ್ತದ ಮೂಲಕ ತಂತುವಿಗೆ ತಲುಪಬೇಕು. ಹಾಗಾಗಿ ಶೋ ಇರುವ ದಿನ ಬೆಳಗಿನಿಂದ ನೀರು ಕುಡಿಯಬೇಕು, ಪರದೆ ಏಳುವಾಗ ಅಲ್ಲ. ನೇರವಾಗಿ ತಲುಪುವುದು ಹಬೆ ಮಾತ್ರ. ಪಿಸುಗುಟ್ಟುವುದು ವಿಶ್ರಾಂತಿ ಅಲ್ಲ, ಮಾತಾಡದೆ ಇರುವುದು ವಿಶ್ರಾಂತಿ. ರಾತ್ರಿ ಹನ್ನೊಂದಕ್ಕೆ ಶೋ ಮುಗಿಸಿ ಹೊಟ್ಟೆ ತುಂಬ ಉಂಡು ಮಲಗಿದರೆ ಹುಳಿ ಮೇಲೆ ಬಂದು ಬೆಳಗ್ಗೆ ಗಂಟಲು ಕೆರೆಯುತ್ತದೆ. ಆಸ್ಪಿರಿನ್ ರಕ್ತ ತೆಳು ಮಾಡುತ್ತದೆ, ಜೋರಾಗಿ ಹಾಡುವ ದಿನ ಡಾಕ್ಟರನ್ನು ಕೇಳದೆ ನುಂಗಬಾರದು. "ಒಂದು ಸ್ಟೀರಾಯ್ಡ್ ಕೊಟ್ಟುಬಿಡಿ, ಇವತ್ತು ನಡೆದುಹೋಗಲಿ" ಎನ್ನುವವರನ್ನೂ ನೋಡಿದ್ದೇನೆ. ಅದು ಊತ ಇಳಿಸುತ್ತದೆ, ಎಚ್ಚರಿಕೆಯ ಗಂಟೆಯನ್ನೂ ಮುಚ್ಚಿಬಿಡುತ್ತದೆ. ಮೇಷ್ಟ್ರು ಬೆಳಗಿನ ಹೊತ್ತು ಮಂದ್ರಸ್ಥಾಯಿಯಲ್ಲಿ ಮಾಡಿಸುವ ಅಕಾರ ಸಾಧನೆ ಮಾತ್ರ ಬಿಡಿಸಬೇಡಿ. ಇಲ್ಲಿ ನಾವು ಸ್ಟ್ರಾ ಬಾಯಲ್ಲಿಟ್ಟು ಮೆಲ್ಲಗೆ ರಾಗ ಎಳೆಸುತ್ತೇವೆ. ಅದೂ ದನಿಯನ್ನು ನಿಧಾನಕ್ಕೆ ಎಬ್ಬಿಸುವ ಕೆಲಸವೇ.

ಹೊಟ್ಟೆಪಾಡಿನ ಪ್ರಶ್ನೆಗೆ ಸಿಹಿ ಉತ್ತರ ಇಲ್ಲ. ಕೆಲಸ ಇಲ್ಲದ ನಟರು ಇಂಗ್ಲೆಂಡಿನಲ್ಲಿ "ರೆಸ್ಟಿಂಗ್" ಎನ್ನುತ್ತಾರೆ. ಒಂದು ಪದವೇ ಹುಟ್ಟಿಕೊಂಡಿದೆ ಎಂದರೆ ಎಷ್ಟು ಸಾಮಾನ್ಯ ನೋಡಿ. ಕೆಲಸ ಇದ್ದಾಗ ಸಂಬಳ ಪರವಾಗಿಲ್ಲ. 1930ರಲ್ಲಿ ಹುಟ್ಟಿದ ಈಕ್ವಿಟಿ ಎಂಬ ಯೂನಿಯನ್ ವಾರದ ಕನಿಷ್ಠ ಸಂಬಳ ಕಟ್ಟಿಕೊಟ್ಟಿದೆ. ತೊಂದರೆ ಇರುವುದು ಕಾಂಟ್ರಾಕ್ಟ್‌ಗಳ ನಡುವಿನ ತಿಂಗಳುಗಳಲ್ಲಿ. ಇಲೇನ್ ಪೇಜ್ 1964ರಿಂದ ರಂಗದಲ್ಲಿದ್ದವರು. 'ಎವಿಟಾ' ಬಂದಿದ್ದು 1978ರಲ್ಲಿ. 14 ವರ್ಷ! ಅದಕ್ಕೆ ಮುಂಚೆ ಎಲ್ಲ ಬಿಟ್ಟು ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿಬಿಡೋಣ ಎಂದು ಯೋಚಿಸಿದ್ದರಂತೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ವರ್ಷಕ್ಕೆ ಒಂದು ಟೂರ್, ಕ್ರಿಸ್‌ಮಸ್‌ಗೆ ಪ್ಯಾಂಟೊ, ನಡುವೆ ಕ್ರೂಸ್ ಹಡಗು, ಮಿಕ್ಕ ದಿನ ಮಕ್ಕಳಿಗೆ ಹಾಡು ಹೇಳಿಕೊಡುವುದು, ಹೀಗೆ ಹೊಂದಿಸುತ್ತಾರೆ. ಪ್ಯಾಂಟೊ, ಅಂದರೆ ಕ್ರಿಸ್‌ಮಸ್ ಸಮಯದ ಹಾಸ್ಯ ನಾಟಕ, ದಿನಕ್ಕೆ ಎರಡು ಶೋ. ಜನವರಿಯಲ್ಲಿ ನನ್ನ ಕ್ಲಿನಿಕ್ ತುಂಬುವುದು ಅದರಿಂದಲೇ.

ಪಾತ್ರ ಸಿಗುತ್ತಾ ಎಂದಿರಿ. 1989ರಲ್ಲಿ 'ಮಿಸ್ ಸೈಗಾನ್'ನಲ್ಲಿ ಅರ್ಧ ಏಷ್ಯಾದ ಪಾತ್ರಕ್ಕೆ ಬಿಳಿಯ ನಟ ಜೋನಾಥನ್ ಪ್ರೈಸ್ ಕಣ್ಣಿನ ಆಕಾರ ಬದಲಿಸುವ ಮೇಕಪ್ ಹಾಕಿಕೊಂಡರು. 2002ರಲ್ಲಿ ಎ.ಆರ್. ರೆಹಮಾನ್ ಸಂಗೀತದ 'ಬಾಂಬೆ ಡ್ರೀಮ್ಸ್' ಬಂದಾಗ ಒಂದಿಡೀ ರಂಗ ನಮ್ಮವರಿಂದ ತುಂಬಿತು. ಆದರೆ ಅದು ಭಾರತದ್ದೇ ಕಥೆ. 2015ರ 'ಬೆಂಡ್ ಇಟ್ ಲೈಕ್ ಬೆಕಮ್' ಕೂಡ ಪಂಜಾಬಿ ಮನೆಯ ಕಥೆ. 2017ರಲ್ಲಿ ಲಂಡನ್ನಿಗೆ ಬಂದ 'ಹ್ಯಾಮಿಲ್ಟನ್' ಅಮೆರಿಕ ಕಟ್ಟಿದ ಬಿಳಿಯರ ಪಾತ್ರಗಳನ್ನು ಬೇರೆ ಬಣ್ಣದವರ ಕೈಗೆ ಕೊಟ್ಟಿತು. ಬಾಗಿಲು ತೆರೆದಿದೆ, ಪೂರ್ತಿ ಅಲ್ಲ. ನಿಮ್ಮ ಮಗಳು ಆಡಿಷನ್ ಕೋಣೆಗೆ ಹೋದಾಗ ಕೆಲವು ಕಡೆ ಬೇಡವಾಗುತ್ತಾಳೆ, ಕೆಲವು ಕಡೆ ಅವಳೇ ಬೇಕಾಗುತ್ತಾಳೆ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಈ ವರ್ಷವೇ ಸೇರುವುದು ಮೊದಲನೆಯದು. ಮೂರು ವರ್ಷ ಹಾಡು, ಕುಣಿತ, ನಟನೆ ಎಲ್ಲ ಒಟ್ಟಿಗೆ. ಹದಿನೆಂಟಕ್ಕೆ ಮೈ ಬಗ್ಗುತ್ತದೆ, ಅದು ಲಾಭ. ಗಂಟಲಲ್ಲಿ ಗಂಟಿದ್ದು ಅದನ್ನು ಮುಚ್ಚಿಟ್ಟು ಸೇರಿದರೆ ಮೊದಲ ಟರ್ಮಿನಲ್ಲೇ ಕಷ್ಟ ಶುರುವಾಗುತ್ತದೆ. ಎರಡನೆಯದು, ಸೀಟನ್ನು ಒಂದು ವರ್ಷ ಮುಂದೂಡುವುದು. ಎಲ್ಲ ಸ್ಕೂಲುಗಳೂ ಒಪ್ಪುವುದಿಲ್ಲ, ಮತ್ತೆ ಆಡಿಷನ್ ಕೊಡಿ ಎನ್ನಬಹುದು. ಒಪ್ಪಿದರೆ ಆ ವರ್ಷ ಥೆರಪಿಗೆ, ಡ್ಯಾನ್ಸಿಗೆ ಸಿಗುತ್ತದೆ. ಮೂರನೆಯದು ನಿಮ್ಮ ಯಜಮಾನರಿಗೆ ಇಷ್ಟವಾಗುವುದು. ಬೇರೆ ಡಿಗ್ರಿ ಮುಗಿಸಿ ಆಮೇಲೆ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಂಥ ಕಡೆ ಒಂದು ವರ್ಷದ ಎಂ.ಎ. ದನಿ ಅಷ್ಟು ಹೊತ್ತಿಗೆ ಇನ್ನೂ ಬಲಿತಿರುತ್ತದೆ, ಇದು ಗಂಟಲಿಗೆ ಒಳ್ಳೆಯದೇ. ಕುಣಿತದಲ್ಲಿ ಮಾತ್ರ ಹಿಂದೆ ಬೀಳುತ್ತಾಳೆ, ಮೇಳದ ಕೆಲಸ ಹೋಗುವುದೇ ಕುಣಿಯುವವರಿಗೆ.

ದುಡ್ಡಿನ ಲೆಕ್ಕ: 2025-26ರಲ್ಲಿ ಇಂಗ್ಲೆಂಡಿನವರಿಗೆ ಡಿಗ್ರಿ ಫೀಸಿನ ಮಿತಿ ವರ್ಷಕ್ಕೆ 9,535 ಪೌಂಡ್ ಇತ್ತು. ಸ್ಟೂಡೆಂಟ್ ಲೋನ್ ಸಿಕ್ಕರೆ ವರ್ಷದ ಆದಾಯ 25,000 ಪೌಂಡ್ ದಾಟಿದ ಮೇಲಿನ ಭಾಗದಲ್ಲಿ ಮಾತ್ರ 9% ಕಟ್ಟಬೇಕು, 40 ವರ್ಷಕ್ಕೆ ಮಿಕ್ಕಿದ್ದು ಮನ್ನಾ. ಸಂಬಳ ಏರುಪೇರಾಗುವ ವೃತ್ತಿಗೆ ಇದು ಅಷ್ಟೇನೂ ಕೆಟ್ಟ ವ್ಯವಸ್ಥೆ ಅಲ್ಲ. ಆದರೆ ನೀವಿನ್ನೂ ವರ್ಕ್ ವೀಸಾದಲ್ಲೇ ಇದ್ದರೆ ಹೊರದೇಶದ ಫೀಸು ಬೀಳಬಹುದು. ಸೇರುವ ಮುಂಚೆ ಆ ಕಾಗದ ಪತ್ರ ನೋಡಿಕೊಳ್ಳಿ.

ನನ್ನ ಮಗಳಾಗಿದ್ದರೆ? ಗಂಟಲು ನೋಡಿಸಿ, ಸ್ವಚ್ಛ ಇದ್ದರೆ ಸೇರಿಸುತ್ತಿದ್ದೆ. ಗಂಟಿದ್ದರೆ ಸ್ಕೂಲಿಗೆ ತಿಳಿಸಿ ಒಂದು ವರ್ಷ ಕೇಳುತ್ತಿದ್ದೆ. ಸ್ಕೂಲಿನವರಿಗೆ ಹೇಳಲು ಹೆದರಬೇಡಿ. ಅವರು ಇಂಥ ಗಂಟಲುಗಳನ್ನು ಪ್ರತಿ ವರ್ಷ ನೋಡುತ್ತಾರೆ.

ಆಸ್ಪತ್ರೆಗೆ ಹೋದಾಗ "ವಾಯ್ಸ್ ಕ್ಲಿನಿಕ್" ಎಂದೇ ಕೇಳಿ. ಅಲ್ಲಿ ಇಎನ್‌ಟಿ ಡಾಕ್ಟರ್ ಮತ್ತು ಥೆರಪಿಸ್ಟ್ ಒಟ್ಟಿಗೆ ಕೂತು ನೋಡುತ್ತಾರೆ. ಮಿಣುಕುವ ಬೆಳಕಿನಲ್ಲಿ ತಂತು ಅಲುಗುವುದನ್ನು ನಿಧಾನವಾಗಿ ತೋರಿಸುವ ಪರೀಕ್ಷೆ ಇದೆ, ಸ್ಟ್ರೋಬೊಸ್ಕೋಪಿ. ಅದನ್ನೇ ಮಾಡಿಸಿ. ಸರದಿ ತಡವಾದರೆ ಬಾಪಮ್ (BAPAM) ಎಂಬ ಸಂಸ್ಥೆ ಇದೆ, ರಂಗ ಕಲಾವಿದರ ಆರೋಗ್ಯಕ್ಕೆಂದೇ ಇರುವುದು, ಅವರನ್ನು ವಿಚಾರಿಸಿ. ಕ್ಯಾಮೆರಾ ಮೂಗಿನೊಳಗೆ ಇರುವಾಗ ಮಗಳು ಬರೀ "ಈ" ಎಂದು ಸುಮ್ಮನಾಗಬಾರದು. ಗಾಳಿ ಬರುವ ಆ ತಾರಸ್ಥಾಯಿಯ ಸಾಲನ್ನೇ ಮೆಲ್ಲಗೆ ಹಾಡಲಿ, ಆಗ ಸಂದಿ ಎಲ್ಲಿದೆ ಎಂದು ಕಾಣುತ್ತದೆ. ವಿಡಿಯೊದ ಒಂದು ಪ್ರತಿ ಕೇಳಿ ಮನೆಯಲ್ಲಿ ಇಟ್ಟುಕೊಳ್ಳಿ. ಐದು ವರ್ಷದ ಮೇಲೆ ಯಾವುದೋ ಟೂರಿನ ನಡುವೆ ಗಂಟಲು ಕೈಕೊಟ್ಟರೆ, ಹೋಲಿಸಿ ನೋಡಲು ಆ ಊರಿನ ಡಾಕ್ಟರಿಗೆ ಅದು ಬೇಕಾಗುತ್ತದೆ.